ಜಾಲಹಳ್ಳಿಯಿಂದ ಅಲ್ಲಾಳಸಂದ್ರಕ್ಕೆ ಒಂದು ಕಪಿಲೆ ತೊಗಲು

ಬಿಸಿಲು ಏರುವ ಮೊದಲೇ ಜಾಲಹಳ್ಳಿಯಿಂದ ಜಟಕಾದಲ್ಲಿ ಹೊರಟೆ. ಕಾಲ ಬಳಿ ಗೋಣಿಯಲ್ಲಿ ಸುತ್ತಿದ ಕಪಿಲೆಯ ತೊಗಲಿತ್ತು. ಕಪಿಲೆ ನೋಡದವರಿಗಾಗಿ ಹೇಳುತ್ತೇನೆ: ಬಾವಿಗೆ ಇಳಿಬಿಟ್ಟು, ಎತ್ತು ಕಟ್ಟಿ ನೀರೆಳೆಯುವ ದೊಡ್ಡ ಚರ್ಮದ ಚೀಲ ಅದು. ಒಣಗಿದ್ದನ್ನು ಮಡಿಸಿದರೆ ಬಿರಿಯುತ್ತದೆಂದು ನಮ್ಮತ್ತೆ ಹಿಂದಿನ ದಿನವೇ ನೆನೆಹಾಕಿ, ಹೊಂಗೆ ಎಣ್ಣೆ ತಿಕ್ಕಿ ಕೊಟ್ಟಿದ್ದರು. ಅವರ ಹೊಲ, ಬಾವಿ ಎರಡೂ ಕಾರ್ಖಾನೆ ಕಟ್ಟುವುದಕ್ಕೆ ಹೋಗಿದ್ದವು. ತೊಗಲು ಮಾತ್ರ ಅಟ್ಟದ ಮೇಲೆ ಉಳಿದಿತ್ತು.

"ಬಾವಿನೇ ಇಲ್ದ ಮ್ಯಾಲೆ ಇದನ್ನಿಟ್ಕೊಂಡು ನಾನೇನ್ ಪೂಜೆ ಮಾಡ್ಲಾ? ತಗೊಂಡೋಗು," ಎಂದಿದ್ದರು ಅತ್ತೆ.

ತೊಗಲು ಬೇಕಾಗಿದ್ದದ್ದು ಅಲ್ಲಾಳಸಂದ್ರದಲ್ಲಿರುವ ನಮ್ಮಣ್ಣ ಮುನಿರಾಜುವಿಗೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅವನು ದ್ರಾಕ್ಷಿ ಹಾಕಿದ್ದ. ಅದು ಮೊದಲ ಫಸಲು. ಕಾಯಿ ಬಟಾಣಿ ಗಾತ್ರಕ್ಕೆ ಬರುವ ಹೊತ್ತಿಗೆ ಕೆರೆ ಬತ್ತಿತು. ಬಾವಿಯ ತಳದಲ್ಲಿ ನೀರಿತ್ತು, ಬಾವಿಗೆ ಹೊಸ ಮೋಟಾರೂ ಇತ್ತು, ಕರೆಂಟು ಮಾತ್ರ ಇರಲಿಲ್ಲ. ಮಲೆನಾಡಿನಲ್ಲಿ ಮಳೆ ಕೈಕೊಟ್ಟು ಅಣೆಕಟ್ಟು ಬರಿದಾಗಿದೆಯಂತೆ, ಅದಕ್ಕೇ ಕರೆಂಟು ಬರುತ್ತಿಲ್ಲವಂತೆ. ಎಲ್ಲೋ ಬೀಳದ ಮಳೆಗೆ ನಮ್ಮ ಬಾವಿಯ ನೀರು ಯಾಕೆ ತಳದಲ್ಲೇ ಕೂರಬೇಕು ಎಂದು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೋಟಾರು ಬಂದ ಹುಮ್ಮಸ್ಸಿನಲ್ಲಿ ಅಣ್ಣ ಮನೆಯ ಹಳೇ ತೊಗಲನ್ನು ಚಪ್ಪಲಿ ಹೊಲಿಯುವವರಿಗೆ ಕೊಟ್ಟುಬಿಟ್ಟಿದ್ದ. ಮೊನ್ನೆ ಸೈಕಲ್ಲು ತುಳಿದುಕೊಂಡು ನಮ್ಮ ಮನೆಗೆ ಬಂದವನು, "ಇನ್ನೊಂದ್ ನಾಕ್ ದಿನ ನೀರು ಕಾಣ್ದಿದ್ರೆ ಗೊಂಚಲೆಲ್ಲ ಉದುರೋಗ್ತವೆ ಕಣಮ್ಮಿ," ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದ.

ಯಶವಂತಪುರದಲ್ಲಿ ಯಲಹಂಕದ ಬಸ್ಸು ಹತ್ತಿದೆ. ಕಂಡಕ್ಟರು ಮೂಗು ಮುಚ್ಚಿಕೊಂಡು, "ಏನಮ್ಮಾ ಇದು, ಗೋಣೀಲಿ ಯಾವ್ದಾದ್ರೂ ಪ್ರಾಣಿ ಇದ್ಯಾ?" ಎಂದ.

"ಇತ್ತು. ಈಗ ಬರೀ ಚರ್ಮ," ಎಂದೆ.

ಅವನು ನನಗೊಂದು, ತೊಗಲಿಗೊಂದು ಟಿಕೆಟ್ ಹರಿದು ಕೊಟ್ಟ. ಪಕ್ಕದಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಮುಂದಕ್ಕೆ ಹೋದರು. ಒಂದು ಸೀಟು ಪೂರ್ತಿ ನನ್ನದಾಯಿತು, ಕಿಟಕಿಯೂ ನನ್ನದೇ. ಹೆಬ್ಬಾಳದ ಕೆರೆ ಬಂದಾಗ ಇಣುಕಿ ನೋಡಿದೆ. ನೀರು ಒಂದು ಮೂಲೆಗೆ ಸೇರಿಕೊಂಡಿತ್ತು, ಮಿಕ್ಕ ಅಂಗಳದಲ್ಲಿ ದನ ಮೇಯುತ್ತಿದ್ದವು.

ಅಲ್ಲಾಳಸಂದ್ರದಲ್ಲಿ ನಮ್ಮ ತೋಟ ಬಳ್ಳಾರಿ ರಸ್ತೆಯ ಪಕ್ಕದಲ್ಲೇ ಇದೆ. ಇಳಿದು ನೋಡಿದರೆ ಇನ್ನೊಂದು ಫಜೀತಿ. ಕಪಿಲೆಯ ಎತ್ತುಗಳು ಬಾವಿಯಿಂದ ಇಳಿಯುವ ಇಳಿಜಾರಿನ ಮೇಲೆಯೇ ಅಣ್ಣ ಹುಲ್ಲಿನ ಬಣವೆ ಒಟ್ಟಿದ್ದ. ಮೋಟಾರು ಬಂದಮೇಲೆ ಆ ಜಾಗ ದಂಡವಾಗಿ ಬಿದ್ದಿದೆ ಅಂದುಕೊಂಡನಂತೆ! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಾ ಹುಲ್ಲು ಹೊತ್ತೆ, ಅವನು ಬೈಸಿಕೊಳ್ಳುತ್ತಾ ಹೊತ್ತ. ಅಮ್ಮ ಮಾತಾಡದೆ ನಮ್ಮಿಬ್ಬರಿಗಿಂತ ಹೆಚ್ಚು ಹೊತ್ತಳು. ಬಣವೆ ಪಕ್ಕಕ್ಕೆ ಹೋದಮೇಲೆ ಮುದ್ದೆ, ಹುರುಳಿ ಸಾರು ಉಂಡೆವು.

ಊಟವಾದ ಮೇಲೆ ಅಣ್ಣ ಹಗ್ಗ ಬಿಗಿದು, ಮುದಿ ಎತ್ತು ಕೆಂಪನನ್ನೂ ಅದರ ಜೊತೆಗೆ ಹೊಸ ಹೋರಿಯನ್ನೂ ಕಟ್ಟಿದ. ಎತ್ತುಗಳು ಇಳಿಜಾರಿನಲ್ಲಿ ಇಳಿದವು, ರಾಟೆ ಕಿರುಗುಟ್ಟಿತು. ತೊಗಲು ತುಂಬಿಕೊಂಡು ಮೇಲೆ ಬಂದು ತೊಟ್ಟಿಗೆ ಭಳಕ್ಕನೆ ಸುರಿಯಿತು. ನಾನು ಚಪ್ಪಾಳೆ ತಟ್ಟಿದೆ. ಆದರೆ ತೊಗಲು ಮತ್ತೆ ಬಾವಿಗಿಳಿಯಬೇಕಾದರೆ ಎತ್ತುಗಳು ಮುಖ ತಿರುಗಿಸದೆ ಹಿಮ್ಮೆಟ್ಟಿ ಬರಬೇಕು. ಅವು ಜಪ್ಪಯ್ಯ ಅಂದರೂ ಕದಲಲಿಲ್ಲ. ಅಣ್ಣ ಗದರಿದ, ಹಗ್ಗ ಜಗ್ಗಿದ, ಕೊನೆಗೆ ಕೈಮುಗಿದ. ಒಂದು ತೊಗಲು ನೀರಿಗೆ ಒಂದು ಬಳ್ಳಿಯ ಬುಡವೂ ನೆನೆಯುವುದಿಲ್ಲ.

ಕಾಲುವೆಯ ಬಳಿ ಗುದ್ದಲಿ ಹಿಡಿದು ನಿಂತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು: "ಪದ ಏಳ್ದೆ ಅವು ಎಂಗ್ಲಾ ಇಂದಕ್ಕೆ ಬತ್ತವೆ? ನಿಮ್ಮಪ್ಪ ಒಂದ್ ದಿನಾನಾದ್ರೂ ಬಾಯ್ ಮುಚ್ಕೊಂಡು ಕಪಿಲೆ ಒಡೆದಿದ್ನಾ?"

"ನಂಗೆಲ್ಲಮ್ಮಾ ಪದ ಬತ್ತದೆ?" ಎಂದ ಅಣ್ಣ.

ಅಪ್ಪ ಕಪಿಲೆ ಹೊಡೆಯುತ್ತಾ ಹಾಡುತ್ತಿದ್ದಾಗ ಪಾತಿಗೆ ನೀರು ಕಟ್ಟುತ್ತಿದ್ದವಳು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಅವಳು ಮದುವೆಮನೆಯಲ್ಲೂ ಹಾಡಿಗೆ ಬಾಯಿ ತೆರೆದವಳಲ್ಲ. ಈಗ ಗುದ್ದಲಿ ನನ್ನ ಕೈಗೆ ಕೊಟ್ಟಳು, ಇಳಿಜಾರು ಇಳಿದು ಕೆಂಪನ ಬೆನ್ನ ಮೇಲೆ ಕೈಯಿಟ್ಟಳು. ಒಂದು ಸಲ ಕೆಮ್ಮಿ, ಅಪ್ಪನ ಪದವನ್ನು ಅಪ್ಪನದೇ ಧಾಟಿಯಲ್ಲಿ ಎತ್ತಿಕೊಂಡಳು. ಕೆಂಪ ಕಿವಿ ನಿಮಿರಿಸಿತು. ಒಂದು ಹೆಜ್ಜೆ ಹಿಂದಿಟ್ಟಿತು, ಇನ್ನೊಂದಿಟ್ಟಿತು. ನೊಗದ ಆ ಕಡೆ ಇದ್ದ ಹೋರಿ ಗಾಬರಿಬಿದ್ದು ಅದರ ಜೊತೆಗೇ ಹಿಮ್ಮೆಟ್ಟಿತು. ತೊಗಲು ಬಾವಿಗಿಳಿದು ಮುಳುಗಿದ ಸದ್ದು ಕೇಳಿ ನನಗೆ ಸಂತೋಷಕ್ಕೆ ಅಳುವೇ ಬಂತು.

ಆಮೇಲೆ ನಿಂತದ್ದೇ ಇಲ್ಲ. ಕಾಲುವೆ ತುಂಬಿತು, ನಾನು ಕೆಸರಿನಲ್ಲಿ ನಿಂತು ಸಾಲಿನಿಂದ ಸಾಲಿಗೆ ನೀರು ತಿರುಗಿಸಿದೆ. ಮಣ್ಣು ಕಪ್ಪಾಗುತ್ತಾ ಹೋಯಿತು. ಸಂಜೆಗೆ ಕೊನೆಯ ಸಾಲು ಮಾತ್ರ ಬಾಕಿ ಇತ್ತು. ಅಣ್ಣ ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದು, "ಬದುಕ್ಕೊಂತು ಕಣಮ್ಮಿ," ಎಂದ. ಅವನು ನಕ್ಕದ್ದನ್ನು ಆ ಬೇಸಿಗೆಯಲ್ಲಿ ನಾನು ಮೊದಲ ಸಲ ಕಂಡೆ.

ಹಿಂದಿರುಗುವ ಬಸ್ಸಿನಲ್ಲೂ ಅದೇ ಕಂಡಕ್ಟರು. ಕೆಸರು ಮೆತ್ತಿದ ನನ್ನ ಸೀರೆ ನೋಡಿ, "ಎಲ್ಲಮ್ಮಾ ನಿಮ್ ಲಗೇಜು?" ಎಂದ.

"ಊರು ಬಂತು, ಇಳ್ಕೊಂತು," ಎಂದೆ.

ಕೊನೆಯ ಸಾಲಿನ ಕೆಲಸ ಇನ್ನೂ ನಡೆದಿತ್ತು. ಬಸ್ಸು ಇನ್ನೂ ಹೊರಟಿರಲಿಲ್ಲ, ರಸ್ತೆಯವರೆಗೂ ಪದ ಕೇಳುತ್ತಿತ್ತು. ಬಸ್ಸಿನವರೆಲ್ಲ ಆ ಕಡೆಗೆ ತಿರುಗಿದರು.

"ಯಾರಮ್ಮಾ ಅದು ಹಾಡ್ತಿರೋದು?" ಎಂದ ಕಂಡಕ್ಟರು.

"ನಮ್ಮಮ್ಮ."

ಅವನು ಸೀಟಿಯನ್ನು ಬಾಯಿಗಿಟ್ಟುಕೊಂಡವನು ಊದದೆ ನಿಂತ. ಎತ್ತುಗಳು ಹಿಮ್ಮೆಟ್ಟುತ್ತಾ ಬಂದು ಬಾವಿಯ ಕಟ್ಟೆ ಮುಟ್ಟಿದವು. ಆಮೇಲೆ ರೈಟ್ ಎಂದ.