ತಿಪ್ಪೆ ಪಾಲಾದ ಬಸ್ಸಾರು

ದ್ಯಾವಕ್ಕ ನಮ್ಮ ಮನೆ ಬಸ್ಸಾರನ್ನು ಪಾತ್ರೆ ಸಮೇತ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಹುರುಳಿ ಬಸಿದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಆಗತಾನೆ ಇಳಿಸಿದ್ದ ಸಾರು. ಮುದ್ದೆ ಇನ್ನೂ ತಟ್ಟೆಯಲ್ಲಿ ಹೊಗೆಯಾಡುತ್ತಿತ್ತು.

ದ್ಯಾವಕ್ಕ ಪಕ್ಕದ ಮನೆಯವಳು. ಎರಡೂ ಮನೆಗೆ ಒಂದೇ ಗೋಡೆ. ಹಿತ್ತಲಲ್ಲಿ ಸೊಪ್ಪು ಬೆಳೆದು ಬೂದಿಗೆರೆಯ ಅಪಾರ್ಟ್‌ಮೆಂಟ್ ಗೇಟಿನ ಮುಂದೆ ಮಾರುತ್ತಾಳೆ. ಅಲ್ಲಿನ ವಾಚ್‌ಮನ್ ಇವಳ ಬಾಯಿಗೆ ಹೆದರಿ ತನ್ನ ಕುರ್ಚಿಯನ್ನೇ ಬಿಟ್ಟುಕೊಡುತ್ತಾನೆ. ಯಾರ ಮನೆ ಬಾಗಿಲನ್ನೂ ಅವಳು ತಟ್ಟಿದ್ದು ನಾನು ಕಂಡಿಲ್ಲ. ನೇರ ಅಡುಗೆಮನೆಗೇ ಬರುತ್ತಾಳೆ.

ಆಗ ನನ್ನ ಹೆಂಡತಿ ಮಮತ ಬಸುರಿ. ನಲವತ್ತು ದಾಟಿದ ಮೇಲೆ ಮದುವೆಯಾದವನು ನಾನು, ಮೊದಲ ಮಗು. ಅವಳಿಗೆ ನೀರು ಕುಡಿದರೂ ವಾಂತಿ. ಸಾಸಿವೆ ಚಟ್ ಅಂದರೆ ಸಾಕು, ಹಿತ್ತಲಿಗೆ ಓಡುತ್ತಿದ್ದಳು. ನಮ್ಮಮ್ಮ ಮಾತ್ರ ಖುಷಿಯಾಗಿದ್ದಳು. ವಾಂತಿ ಹೆಚ್ಚಾದಷ್ಟೂ ಹೊಟ್ಟೆಯೊಳಗಿನ ಮಗುವಿಗೆ ಕೂದಲು ಹೆಚ್ಚು ಅನ್ನುವುದು ಅಮ್ಮನ ಲೆಕ್ಕ.

“ಮೊಣಕಾಲುದ್ದ ಜಡೆ ಬರ್ತದೆ ನೋಡು ನನ್ನ ಮೊಮ್ಮಗಳಿಗೆ!”

ಆ ದಿನ ದ್ಯಾವಕ್ಕ ಹಿತ್ತಲ ಬಾಗಿಲಿಂದ ಬಂದಳು. ಬಟ್ಟೆ ಒಗೆಯುವ ಕಲ್ಲಿಗೊರಗಿ ಕೂತಿದ್ದ ಮಮತಳ ಮುಖ ನೋಡಿ, “ಯಾಕಮ್ಮಣ್ಣಿ, ಇವತ್ತು ಉಚ್ಚೆಗಾದ್ರೂ ಹೋದ್ಯಾ?” ಎಂದಳು. ಮಮತ ಇಲ್ಲವೆಂದು ತಲೆಯಾಡಿಸಿದಳು. ಅಷ್ಟೇ, ಸಾರು ತಿಪ್ಪೆಗೆ ಹೋಯಿತು.

“ಏಯ್ ದ್ಯಾವಕ್ಕ! ತಲೆಗಿಲೆ ಕೆಟ್ಟಿದ್ಯಾ ನಿಂಗೆ?”

“ಲೇ ನಂದೀಶ, ಬಾಯ್ ಮುಚ್ಕೊಂಡು ಆಟೋ ಕರ್ಕೊಂಡ್ ಬಾ. ಅಲ್ಲಿ ಕೂದ್ಲು ಬೆಳೀತಿಲ್ಲ ಕಣೋ, ಈ ಒಗ್ಗರಣೆ ವಾಸ್ನೆಗೆ ಹುಡುಗಿ ಒಣಗೋಗ್ತವ್ಳೆ!”

ದೇವನಹಳ್ಳಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಡಾಕ್ಟರಮ್ಮ ನನ್ನನ್ನು ಕರೆದು, “ಇದು ಎಲ್ರಿಗೂ ಬರೋ ವಾಂತಿ ಅಲ್ಲ. ತಾಯಿ ತೂಕ ಹೀಗೇ ಇಳೀತಾ ಹೋದ್ರೆ ಮಗುನೂ ಸಣ್ಣದಾಗಿ ಹುಟ್ಬಹುದು, ದಿನ ತುಂಬೋ ಮೊದ್ಲೇ ಹುಟ್ಬಹುದು” ಅಂದರು. ನನ್ನ ಕೋಪ ಅಲ್ಲೇ ಕರಗಿತು ಅಂದುಕೊಳ್ಳಬೇಡಿ. ಹೊಟ್ಟೆ ಹಸಿದಿತ್ತು.

ಊರಿಗೆ ಬಂದ ಮೇಲೆ ದ್ಯಾವಕ್ಕ ಎರಡೂ ಮನೆಯಲ್ಲಿ ಒಗ್ಗರಣೆ ನಿಲ್ಲಿಸಿಬಿಟ್ಟಳು. ಬೆಳ್ಳುಳ್ಳಿ ಇಲ್ಲದೆ ತುತ್ತು ಇಳಿಯದ ಹೆಂಗಸು ಬರೀ ಮೊಸರಿನಲ್ಲಿ ಮುದ್ದೆ ನುಂಗಿದಳು. ಡಾಕ್ಟರಮ್ಮನ ಮಾತ್ರೆ, ಆಗಾಗ ಡ್ರಿಪ್, ನಡುವೆ ದ್ಯಾವಕ್ಕ ಬಿಡಿಸಿ ಕೊಟ್ಟ ಚಕ್ಕೋತದ ತೊಳೆ. ಹೀಗೇ ದಿನ ತಳ್ಳಿದೆವು.

ಆದರೂ ಸಿಂಚನ ದಿನ ತುಂಬುವ ಮೊದಲೇ ಹುಟ್ಟಿದಳು. ಎರಡು ಕೆಜಿಯೂ ಇಲ್ಲ. ತಲೆ ನಿಂಬೆಹಣ್ಣಿನಂತೆ ನುಣ್ಣಗೆ! ಅಮ್ಮ ಟೋಪಿ ಎತ್ತಿ ಎತ್ತಿ ನೋಡಿದಳು. ಮಗುವಿಗೆ ಮೈಶಾಖ ಬೇಕು, ತಾಯಿಗೆ ಸುಸ್ತಾದಾಗ ಅಪ್ಪ ಎದೆಗೆ ಹಾಕಿಕೊಳ್ಳಲಿ ಎಂದರು ನರ್ಸಮ್ಮ. ದ್ಯಾವಕ್ಕ ನನ್ನ ಶರಟಿನ ಗುಂಡಿಗೇ ಕೈ ಹಾಕಿದಳು.

“ಬಿಚ್ಚೋ. ಊರಿಗೆಲ್ಲ ಬೆಂಕಿ ಕಾರ್ತೀಯಲ್ಲ, ಒಂಚೂರು ಇದಕ್ಕೂ ಕೊಡು.”

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಹಿಡಿಯಷ್ಟು ಜೀವ ನನ್ನ ಎದೆಗೆ ಕೆನ್ನೆಯಿಟ್ಟು ನಿದ್ದೆ ಹೋಗಿತ್ತು.

ಈಗ ಸಿಂಚನ ಗೋಡೆಯ ಆ ಕಡೆಯೇ ಹೆಚ್ಚು ಇರುತ್ತಾಳೆ. ನನ್ನ ಬಸ್ಸಾರು ಯಾವಾಗ ಎಂದು ಕೇಳಿದಾಗಲೆಲ್ಲ ದ್ಯಾವಕ್ಕ, “ಮಗಳಿಗೆ ಜಡೆ ಹಾಕೋ ಅಷ್ಟು ಕೂದ್ಲು ಬರ್ಲಿ, ಕೊಡ್ತೀನಿ” ಅನ್ನುತ್ತಿದ್ದಳು. ಕಳೆದ ಯುಗಾದಿಗೆ ತಾನೇ ಎರಡು ಗಿಡ್ಡ ಜಡೆ ಹಾಕಿ, ಟೇಪು ಕಟ್ಟಿ ಕಳಿಸಿದಳು. ನಾನು ಅದೇ ಪಾತ್ರೆ ಹಿಡಿದು ಹೋಗಿ ನಿಂತೆ.

“ಮೊಣಕಾಲುದ್ದ ಅಂದಿದ್ಲಲ್ವೇನೋ ನಿಮ್ಮಮ್ಮ?” ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಒಗ್ಗರಣೆ ಚಟಗುಟ್ಟುತ್ತಿತ್ತು.