‘ಮುಂದೆ’ ಒತ್ತುವ ಮುನ್ನ

ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಸಿನಿಮಾಕ್ಕೆ ಹೋದರೆ ಪಕ್ಕದವರಿಗೆ ಮುಂದಿನ ಕಥೆ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಯಾರೋ ಕಂಡಕ್ಟರನ್ನು ದಾರಿ ಕೇಳಿದರೆ ಉತ್ತರ ನನ್ನ ಸೀಟಿನಿಂದ ಬರುತ್ತದೆ. ಇಂಥವಳನ್ನು ಒಂದು ಇಡೀ ಬೆಳಗ್ಗೆ ಬಾಯಿ ಮುಚ್ಚಿ ಕೂರಿಸಿದ ಕೀರ್ತಿ ಮುರಳಿಗೇ ಸಲ್ಲಬೇಕು.

ಮುರಳಿ ನನ್ನ ಕಾಲೇಜಿನ ಗೆಳೆಯ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾವಿಬ್ಬರೂ ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿಯಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೆವು. ಕಂಪನಿ ಎಂದರೆ ನಾವು, ನಮ್ಮ ಕಂಪ್ಯೂಟರುಗಳು ಮತ್ತು ಕೆಳಗಿನ ಮನೆಯವರು ಒಗ್ಗರಣೆ ಹಾಕಿದಾಗಲೆಲ್ಲ ಬರುವ ಸೀನು. ನಮ್ಮ ಸಾಫ್ಟ್‌ವೇರಿಗೆ ‘ಮೇಜು’ ಎಂದು ಹೆಸರಿಟ್ಟಿದ್ದೆವು. ಸಣ್ಣ ಆಫೀಸಿನವರ ಪತ್ರಗಳು, ಫೋನ್ ನಂಬರುಗಳು, ಯಾರು ಯಾವತ್ತು ಯಾವ ಕೆಲಸ ಮಾಡಬೇಕು ಎಂಬುದೆಲ್ಲ ಒಂದೇ ಕಡೆ, ಅದೂ ಕನ್ನಡದಲ್ಲಿ. ಒಳಗೆ ಹೋದರೆ ಸೊಗಸಾಗಿತ್ತು. ಆದರೆ ಒಳಗೆ ಹೋಗುವುದೇ ಕಷ್ಟವಾಗಿತ್ತು. ಸಿ.ಡಿ. ಹಾಕಿದ ಕೂಡಲೇ ಅದು ಕೇಳುತ್ತಿದ್ದ ಪ್ರಶ್ನೆಗಳಿಗೆ ಜನ ಪರೀಕ್ಷೆ ಹಾಲಿನಲ್ಲಿ ಕುಳಿತವರಂತೆ ಬೆವರುತ್ತಿದ್ದರು. ಆದ್ದರಿಂದ ಆ ಮೊದಲ ಪರದೆಗಳನ್ನೆಲ್ಲ ಹೊಸದಾಗಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಪರದೆಗೆ ಒಂದೇ ಪ್ರಶ್ನೆ, ದಪ್ಪ ಅಕ್ಷರ, ಕೆಳಗೆ ‘ಹಿಂದೆ’, ‘ಮುಂದೆ’ ಎಂಬ ಎರಡು ಗುಂಡಿ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಹಾಲಿನವನೊಬ್ಬನನ್ನು ಬಿಟ್ಟು ಮಿಕ್ಕ ಎಲ್ಲರಿಗೂ ತೋರಿಸಿದೆ.

ಆದರೆ ಮುರಳಿ, ಬಳಕೆದಾರರ ಅಭಿಪ್ರಾಯ ಬೇಕು ಎಂದ. ಅದನ್ನು ಪಡೆಯಲು ಒಂದು ವಿಧಾನವಿದೆಯಂತೆ. ಬಳಸುವವರ ಹಿಂದೆ ಕುಳಿತು ನೋಡಬೇಕು. ಸಹಾಯ ಮಾಡಬಾರದು, ಸನ್ನೆ ಮಾಡಬಾರದು, ನಗಲೂಬಾರದು. “ಅವರು ಎಲ್ಲಿ ಎಡವ್ತಾರೆ ಅಂತ ಗೊತ್ತಾಗೋದೇ ಹಂಗೆ. ನೀನು ಬಾಯಿ ಬಿಟ್ರೆ ಎಲ್ಲಾ ಹಾಳು” ಎಂದು ಎಚ್ಚರಿಸಿ ನನ್ನನ್ನು ಬಸವನಗುಡಿಗೆ ಕಳಿಸಿದ.

ಅಲ್ಲಿ ಬಳಕೆದಾರರಾಗಿ ಸಿಕ್ಕವರು ರುಕ್ಮಿಣಿ ಮಿಸ್. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ನನಗೆ ಟೈಪಿಂಗ್ ಕಲಿಸಿದವರು. ಅವರ ಮನೆಯ ಮುಂದಿನ ಕೋಣೆಯೇ ‘ಸುಮುಖ ಬೆರಳಚ್ಚು ಮತ್ತು ಶೀಘ್ರಲಿಪಿ ಶಿಕ್ಷಣಾಲಯ’. ಒಂದು ಕಾಲದಲ್ಲಿ ಅಲ್ಲಿನ ಟಕಟಕ ಸದ್ದು ಬೀದಿಯ ತಿರುವಿಗೇ ಕೇಳುತ್ತಿತ್ತು. ಈಗ ಯಂತ್ರಗಳ ಮೇಲೆ ಹೊದಿಕೆಯಿತ್ತು. ಟೈಪಿಂಗ್ ಕಲಿಯಲು ಯಾರೂ ಬರುತ್ತಿರಲಿಲ್ಲ. ಮಿಸ್ ಸೋಲುವವರಲ್ಲ. ಎರಡು ಕಂಪ್ಯೂಟರು ತರಿಸಿ, ಸೋಮವಾರದಿಂದ ‘ಕಂಪ್ಯೂಟರಿನಲ್ಲಿ ಆಫೀಸು ಕೆಲಸ’ ಎಂಬ ತರಗತಿ ಶುರು ಎಂದು ಬಾಗಿಲಿಗೆ ಬರೆದು ಅಂಟಿಸಿದ್ದರು. ಹುಡುಗಿಯರು ಆಗಲೇ ಸೇರಿಯೂ ಆಗಿತ್ತು. ಕಲಿಸಬೇಕಾದದ್ದು ನಮ್ಮ ‘ಮೇಜು’. ಅದು ಆ ವಾರದೊಳಗೆ ಕಂಪ್ಯೂಟರಿಗೆ ಇಳಿಯದಿದ್ದರೆ ಕೋಣೆಗೆ ಬೀಗ ಹಾಕಿ ಬಾಡಿಗೆಗೆ ಕೊಡುವುದೇ ಸರಿ ಎಂದು ಅವರು ಕಾಫಿ ಕೊಡುತ್ತಲೇ ಹೇಳಿದರು.

ಶುರುವಾಗುವುದಕ್ಕೆ ಮೊದಲೇ ತಡವಾಯಿತು. ಸಿ.ಡಿ.ಯ ಮೇಲೆ ‘ಸ್ಥಾಪನೆ’ ಎಂದು ಬರೆದದ್ದನ್ನು ಮಿಸ್ ಅವರ ಯಜಮಾನರು ಸುಬ್ಬರಾಯರು ಓದಿದರು. ಬ್ಯಾಂಕಿನಿಂದ ನಿವೃತ್ತರಾದ, ಬಹಳ ಮೆದು ಮನುಷ್ಯ. ಸ್ಥಾಪನೆ ಅಂದ ಮೇಲೆ ರಾಹುಕಾಲ ನೋಡಬೇಡವೇ ಎಂದು ಪಂಚಾಂಗ ತಂದರು. ತಪ್ಪು ಅವರದಲ್ಲ. ನಮ್ಮ ಭಾಷೆಯಲ್ಲಿ ಸ್ಥಾಪನೆ ಎಂದರೆ ಗಣಪತಿ ಕೂರಿಸುವುದು, ಕಲಶ ಇಡುವುದು, ಮಠ ಕಟ್ಟುವುದು. ಆ ಗಂಭೀರ ಪದವನ್ನು ತಂದು ತಟ್ಟೆಯಂಥ ಒಂದು ಸಿ.ಡಿ.ಗೆ ಅಂಟಿಸಿದವರು ನಾವು. ರಾಹುಕಾಲ ಕಳೆಯುವವರೆಗೆ ಮಾನಿಟರಿನ ಹಣೆಗೆ ಕುಂಕುಮ ಇಟ್ಟು ಕಾದೆವು. ನಾನು ಇನ್ನೊಂದು ಕಾಫಿ ಕುಡಿದೆ.

ಮೊದಲ ಪರದೆಯಲ್ಲಿ ‘ನಿಮಗೆ ಸ್ವಾಗತ’ ಎಂದು ಬಂತು. ಮಿಸ್ ಕನ್ನಡಕ ಸರಿಮಾಡಿಕೊಂಡು, “ನಮ್ಮ ಮನೇಲಿ ನಮಗೇ ಸ್ವಾಗತ ಹೇಳತ್ತಲ್ಲೇ ಇದು” ಎಂದರು. ನಾನು ನಾಲಿಗೆ ಕಚ್ಚಿಕೊಂಡೆ. ಎರಡನೆಯದು ಕರಾರಿನ ಪರದೆ. ಪ್ರಪಂಚದಲ್ಲಿ ಎಲ್ಲರೂ ಓದದೆಯೇ ‘ಒಪ್ಪುತ್ತೇನೆ’ ಎಂದು ಒತ್ತುವ ಪುಟ ಅದು. ಮಿಸ್ ಅದನ್ನು ಮೊದಲಿನಿಂದ ಕೊನೆಯವರೆಗೆ, ಅಲ್ಪವಿರಾಮಗಳ ಸಹಿತ, ಗಟ್ಟಿಯಾಗಿ ಓದಿದರು. ಸುಬ್ಬರಾಯರು ಪುರಾಣ ಕೇಳುವವರಂತೆ ಕೈಕಟ್ಟಿ ಕುಳಿತಿದ್ದರು. ‘ಈ ಸಾಫ್ಟ್‌ವೇರಿನಿಂದಾಗುವ ಯಾವುದೇ ನಷ್ಟಕ್ಕೆ ತಯಾರಕರು ಹೊಣೆಯಲ್ಲ’ ಎಂಬಲ್ಲಿಗೆ ಬಂದಾಗ ಮಿಸ್ ಓದು ನಿಲ್ಲಿಸಿದರು. ತಿರುಗಿ ನನ್ನನ್ನು ನೋಡಿ, “ನೀನು ಮಾಡಿರೋದಕ್ಕೆ ನೀನು ಹೊಣೆ ಅಲ್ಲ ಅಂದ್ರೆ, ಪಕ್ಕದ್ಮನೆಯವರು ಹೊಣೆಯೇನೇ?” ಎಂದು ಕೇಳಿದರು. ನಂತರ, ಮನಸ್ಸಾಕ್ಷಿಯುಳ್ಳ ಮನುಷ್ಯರು ಮಾಡಬೇಕಾದಂತೆ, ‘ಒಪ್ಪುವುದಿಲ್ಲ’ ಎಂಬುದನ್ನು ಒತ್ತಿದರು.

ಪರದೆ ಮಾಯವಾಯಿತು.

ಮಿಸ್ ಸ್ವಲ್ಪ ಹೊತ್ತು ಖಾಲಿ ಜಾಗವನ್ನೇ ನೋಡಿದರು. “ಕೋಪ ಬಂತೇನೇ ಅದಕ್ಕೆ?” ಎಂದು ಮೆಲ್ಲಗೆ ಕೇಳಿದರು. ನಾನು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ. ಹೊಟ್ಟೆಯೊಳಗೆ ನಗು ಕುದಿಯುವ ಹಾಲಿನಂತೆ ಉಕ್ಕುತ್ತಿತ್ತು; ಕಣ್ಣಲ್ಲಿ ನೀರು ಬಂತು. ಮಿಸ್ ಅದನ್ನು ಅಳು ಎಂದುಕೊಂಡು ನನ್ನ ಮೇಲಿನ ಕರುಣೆಯಿಂದ ಸಿ.ಡಿ.ಯನ್ನು ಮತ್ತೆ ಹಾಕಿ, ಈ ಸಲ ‘ಒಪ್ಪುತ್ತೇನೆ’ ಒತ್ತಿದರು.

ಮುಂದಿನ ಪರದೆ ಸಂಸ್ಥೆಯ ಹೆಸರು ಕೇಳಿತು. ಮಿಸ್ ಹತ್ತು ಬೆರಳಲ್ಲಿ ಸರಸರನೆ ಹೊಡೆದರು. ನಾನು ಮಾಡಿದ್ದ ಚೌಕ ಚಿಕ್ಕದು. ಅದು ‘ಸುಮುಖ ಬೆರಳಚ್ಚು ಮತ್ತು ಶೀ’ ಎಂಬಲ್ಲಿಗೆ ನಿಲ್ಲಿಸಿ, ಅಷ್ಟನ್ನೇ ದಪ್ಪ ಅಕ್ಷರದಲ್ಲಿ ತೋರಿಸಿ, ಇದು ಸರಿಯೇ ಎಂದು ಕೇಳಿತು. ಇಷ್ಟು ವರ್ಷ ಕಟ್ಟಿದ ಸಂಸ್ಥೆಗೆ ‘ಶೀ’ ಅನ್ನುತ್ತದಲ್ಲ ಎಂದು ಮಿಸ್ ಪೇಚಾಡಿದರು. ನನ್ನ ಹೆಮ್ಮೆಯೆಲ್ಲ ಅಷ್ಟೊತ್ತಿಗೆ ಕುರ್ಚಿಯ ಕೆಳಗೆ ಬಿದ್ದಿತ್ತು.

ಆಮೇಲೆ ಬಂದ ಪರದೆಗೆ ಯಾರೂ ನಗಲಿಲ್ಲ. ‘ಇಲ್ಲಿನ ಮುಖ್ಯಸ್ಥರು ಯಾರು? ಒಬ್ಬರ ಹೆಸರು ಮಾತ್ರ ಬರೆಯಿರಿ.’

ಮಿಸ್ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. ಕೋಣೆ ರಾಯರ ತಂದೆಯವರದು. ಮೊದಲ ಯಂತ್ರ ಕೊಂಡದ್ದು ರಾಯರು. ಬ್ಯಾಂಕಿನಿಂದ ಬಂದ ಮೇಲೆ ದಿನಾ ಸಂಜೆ ರಿಬ್ಬನ್ ಬದಲಿಸಿ, ಎಣ್ಣೆ ಬಿಟ್ಟು, ಶುಲ್ಕದ ರಸೀದಿ ಹರಿದುಕೊಟ್ಟವರು ಅವರೇ. ಕಲಿಸಿದ್ದು ಮಾತ್ರ ಮಿಸ್. ಬಸವನಗುಡಿಗೂ ಹನುಮಂತನಗರಕ್ಕೂ ಅದು ‘ರುಕ್ಮಿಣಿ ಮಿಸ್ ಕ್ಲಾಸು’. ಇಷ್ಟು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಯನ್ನು ಅವರಿಬ್ಬರಲ್ಲಿ ಯಾರೂ ಎತ್ತಿರಲಿಲ್ಲ. ನನ್ನ ಪರದೆ ಎತ್ತಿತ್ತು. ರಾಯರು ಒಂದು ಸುತ್ತು ಗಾಂಧಿ ಬಜಾರಿಗೆ ಹೋಗಿಬರುತ್ತೇನೆಂದು ಛತ್ರಿ ಹಿಡಿದು ಎದ್ದರು. ಹೊರಗೆ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

“ಬೋರ್ಡ್ ಬರೆಸೋವಾಗ ಪೇಂಟರ್ ಕೇಳಿದ್ದ, ಪ್ರಿನ್ಸಿಪಾಲ್ ಯಾರು ಅಂತ ಹಾಕ್ಲಾ ಅಂತ” ಎಂದರು ಮಿಸ್, ಅವರು ಹೋದ ದಾರಿಯನ್ನೇ ನೋಡುತ್ತ. “ಬೇಡಪ್ಪ ಅಂದ್ವಿ ಇಬ್ರೂ. ಈಗ ಇದಕ್ಕೆ ಏನು ಹೇಳಲಿ ನಾನು?”

ಸುಮ್ಮನಿರುವ ನಿಯಮ ಅಲ್ಲಿಗೆ ಮುಗಿಯಿತು. “ಏನೂ ಹೇಳ್ಬೇಡಿ ಮಿಸ್. ಇದನ್ನ ನಾನು ತೆಗೀತೀನಿ” ಎಂದು ಕಂಪ್ಯೂಟರು ಆರಿಸಿ ಎದ್ದುಬಂದೆ.

ಮಹಡಿಯಲ್ಲಿ ಮುರಳಿಗೂ ನನಗೂ ಜಗಳವಾಯಿತು. ಒಬ್ಬ ಮುಖ್ಯಸ್ಥ ಇರಲೇಬೇಕು, ಎಲ್ಲವನ್ನೂ ತೆರೆಯುವ ಅಧಿಕಾರ ಒಬ್ಬರಿಗೇ ಇರಬೇಕು, ಇಬ್ಬರಿಗೆ ಕೊಟ್ಟರೆ ಇಡೀ ಪ್ರೋಗ್ರಾಮನ್ನೇ ಬಿಚ್ಚಬೇಕಾಗುತ್ತದೆ ಎಂದು ಅವನ ವಾದ. ನಾನು ಕರಾರನ್ನು ನಾಲ್ಕು ಸಾಲಿಗೆ ಇಳಿಸಿದೆ, ಚೌಕವನ್ನು ಉದ್ದ ಮಾಡಿದೆ, ಸ್ವಾಗತವನ್ನು ತೆಗೆದು ‘ನಮಸ್ಕಾರ’ ಹಾಕಿದೆ. ಮುಖ್ಯಸ್ಥರ ಪ್ರಶ್ನೆಗೆ ಮಾತ್ರ ನಾವು ಒಂದು ಉಪಾಯ ಹೂಡಿದೆವು. ‘ಇಲ್ಲಿ ಯಾರು ಯಾರು ಕೆಲಸ ಮಾಡುತ್ತೀರಿ?’ ಎಂದು ಮಾತ್ರ ಕೇಳುವುದು; ಮೊದಲು ಯಾರ ಹೆಸರು ಬರುತ್ತದೋ ಅವರಿಗೆ ಗುಟ್ಟಾಗಿ ಅಧಿಕಾರ ಕೊಟ್ಟುಬಿಡುವುದು.

ಶನಿವಾರ ಮುರಳಿಯೂ ಬಂದ. ಅವನೇ ಹೇಳಿದ ನಿಯಮದಂತೆ ನನ್ನ ಪಕ್ಕ ಬಾಯಿ ಮುಚ್ಚಿ ಕುಳಿತ. ಎಲ್ಲ ಪರದೆಗಳೂ ಸುಸೂತ್ರ ದಾಟಿದವು. ಹೆಸರುಗಳ ಪರದೆ ಬಂತು. ಮಿಸ್ ತಡಮಾಡದೆ ಸುಬ್ಬರಾಯರ ಹೆಸರು ಬರೆದರು. ರಾಯರು ಬಗ್ಗಿ ನೋಡಿದರು, “ಅಳಿಸು, ನಿನ್ನದು ಮೊದಲು ಹಾಕು” ಎಂದರು.

“ಕೋಣೆ ನಿಮ್ಮದು ರೀ.”

“ಕೋಣೆ ಇಟ್ಕೊಂಡು ಏನ್ ಮಾಡ್ಲಿ? ಮಕ್ಕಳು ಬಂದಿದ್ದು ನಿನಗೋಸ್ಕರ.”

ಮಿಸ್ ಅಳಿಸಲಿಲ್ಲ. ರಾಯರು ತಾವೇ ಒಂಟಿ ಬೆರಳಲ್ಲಿ ಅಕ್ಷರ ಅಕ್ಷರ ಅಳಿಸತೊಡಗಿದರು. ಮಿಸ್ ಮತ್ತೆ ಹೊಡೆದರು. ರಾಯರು ಮತ್ತೆ ಅಳಿಸಿದರು. ಅವರ ವೇಗಕ್ಕೂ ಇವರ ವೇಗಕ್ಕೂ ಹೋಲಿಕೆಯೇ ಇಲ್ಲ. ಆದರೂ ರಾಯರು ಬಿಡಲಿಲ್ಲ. ಕೊನೆಗೆ ಇಬ್ಬರ ಕೈಗಳೂ ಕೀಲಿಮಣೆಯ ಮೇಲೆ ಒಟ್ಟಿಗೆ ಬಿದ್ದು, ಚೌಕದ ತುಂಬ ‘ಗಗಗಗಗ’ ಎಂದು ಬಂತು. ಮಿಸ್ ಮೊದಲು ನಕ್ಕರು. ಆಮೇಲೆ ರಾಯರು, ಆಮೇಲೆ ನಾನು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಒಮ್ಮೆಗೇ ಕಟ್ಟೆಯೊಡೆಯಿತು. ಹೊಟ್ಟೆ ಹಿಡಿದುಕೊಂಡು ಹೊದಿಕೆ ಹಾಕಿದ ಯಂತ್ರದ ಮೇಲೆ ಒರಗಿದೆ.

ಮುರಳಿ ಒಬ್ಬ ನಗಲಿಲ್ಲ. ಎದ್ದು ನಿಂತು, “ಇಬ್ರದ್ದೂ ಒಟ್ಟಿಗೇ ಹಾಕಿ ಮಿಸ್. ಇಬ್ರಿಗೂ ಅಧಿಕಾರ ಬರೋ ಹಂಗೆ ಮಾಡ್ತೀನಿ” ಎಂದ. ಇಡೀ ಪ್ರೋಗ್ರಾಮನ್ನು ಬಿಚ್ಚಬೇಕಲ್ಲ ಎಂದು ನಾನು ಅವನ ಕಿವಿಯಲ್ಲಿ ಕೇಳಿದೆ. ಬಿಚ್ಚಿದರಾಯಿತು ಎಂದ. ಭಾನುವಾರ ಇಡೀ ದಿನ ಕುಳಿತು ಬಿಚ್ಚಿಯೂ ಬಿಟ್ಟ.

ಸೋಮವಾರ ಬೆಳಗ್ಗೆ ಹುಡುಗಿಯರ ಚಪ್ಪಲಿಗಳು ಜಗಲಿಯ ತುಂಬ ಹರಡಿದ್ದವು. ಒಳಗೆ ಕೊನೆಯ ಪರದೆ ಬಂದಿತ್ತು: ‘ಸ್ಥಾಪನೆ ಪೂರ್ಣಗೊಂಡಿದೆ.’ ಕೆಳಗೆ ನಾನು ಬಹಳ ಯೋಚಿಸಿ ಇಟ್ಟಿದ್ದ ಗುಂಡಿ, ‘ಮುಗಿಸಿ’. ರಾಯರು ಮೌಸು ಹಿಡಿದು ಹಿಂಜರಿದರು. ಮಿಸ್ ಬಾಗಿಲಾಚೆ ಕಿಲಕಿಲ ಎನ್ನುತ್ತಿದ್ದ ಹುಡುಗಿಯರನ್ನೊಮ್ಮೆ, ಪಕ್ಕದಲ್ಲಿದ್ದ ಯಜಮಾನರನ್ನೊಮ್ಮೆ ನೋಡಿದರು.

“ಇದೊಂದು ತಿದ್ದಿಬಿಡೇ” ಎಂದರು. “ಮುಗಿಸೋಕೆ ಏನಾಗಿದೆ ಈಗ?”

ಆವತ್ತಿನಿಂದ ಆ ಗುಂಡಿಯ ಮೇಲೆ ‘ಶುರು ಮಾಡಿ’ ಎಂದಾಯಿತು. ಬಳಸುವವರ ಕಡೆಯಿಂದ ಅದರ ಬಗ್ಗೆ ಒಂದು ದೂರೂ ಬರಲಿಲ್ಲ.