ಬೀಗ ಹಸಿರಿದೆಯಾ?

ಎದುರು ಮನೆಯ ಟೈಪಿಸ್ಟ್ ಅಕ್ಕ ಹನ್ನೊಂದು ವರ್ಷದಿಂದ ಒಂದು ಆಸ್ಪತ್ರೆಗೆ ವರದಿ ಟೈಪ್ ಮಾಡುತ್ತಾಳೆ. ಯಾರ ಗರ್ಭ ನಿಲ್ಲಲಿಲ್ಲ, ಯಾರ ರಕ್ತದಲ್ಲಿ ಏನು ಸಿಕ್ಕಿತು, ಎಲ್ಲ ಅವಳ ಬೆರಳಿಗೆ ಗೊತ್ತು, ನಾಲಿಗೆಗೆ ಗೊತ್ತಿಲ್ಲ. ಕೆದಕಿ ಕೇಳುವ ಚಟದ ನನ್ನೆದುರೂ ಇವತ್ತಿನವರೆಗೆ ಒಂದು ಹೆಸರು ಬಾಯಿಬಿಟ್ಟಿಲ್ಲ.

ಎರಡು ವರ್ಷದಿಂದ ಕೆಲಸ ಮನೆಯಿಂದಲೇ. ಅಡುಗೆಮನೆ ಪಕ್ಕದ ಕಿಟಕಿ, ಒಂದು ಕಾಲು ಗಿಡ್ಡವಾದ ಮೇಜು, ಅದರಡಿಗೆ ಮಡಚಿಟ್ಟ ರಟ್ಟು. ವರದಿಗಳು ಬೇರೆಯವರ ಕಣ್ಣಿಗೆ ಬೀಳದೆ ಆಸ್ಪತ್ರೆ ಸೇರಲಿ ಎಂದು ಇಂಟರ್ನೆಟ್ಟಿನೊಳಗೆ ಒಂದು ಮುಚ್ಚಿದ ದಾರಿ ಕೊಟ್ಟಿದ್ದಾರೆ, ಅದೇ ವಿಪಿಎನ್. ಗುಟ್ಟು ಸೋರಿದರೆ ಹೊಣೆ ನಿಮ್ಮದೇ ಎಂಬ ಕಾಗದಕ್ಕೆ ಅವಳ ಸಹಿಯನ್ನೂ ಹಾಕಿಸಿಕೊಂಡಿದ್ದಾರೆ. ದಾರಿ ಕಟ್ಟಿದವರ ಸಹಿ ಅದರಲ್ಲಿಲ್ಲ. ಇರುತ್ತದೆಯೇ?

ಕಳೆದ ತಿಂಗಳು ಒಂದು ಬೆಳಿಗ್ಗೆ ವಿಪಿಎನ್ ಕಡಿದುಹೋಗಿದ್ದು ಗೊತ್ತಾಗದೆ ವರದಿ ಕಳಿಸಿಬಿಟ್ಟಳು. ಸಲೀಸಾಗಿ ಹೋಯಿತು. ವಿಪಿಎನ್ ಇಲ್ಲದೆ ಹೋಗಲೇಬಾರದಿತ್ತು! ಸುಳ್ಳು ಹೆಸರಿನ ಖಾಲಿ ವರದಿ ಮಾಡಿ, ಬೇಕೆಂದೇ ವಿಪಿಎನ್ ಆಫ್ ಇಟ್ಟು ಕಳಿಸಿದಳು. ಹೋಯಿತು. ಆನ್ ಮಾಡಿ, ತನ್ನ ಇಂಟರ್ನೆಟ್ ವಿಳಾಸ ತೋರಿಸುವ ಪುಟ ತೆರೆದಳು. ಆಸ್ಪತ್ರೆಯ ವಿಳಾಸ ಕಾಣಬೇಕಾದಲ್ಲಿ ಮನೆಯದೇ ಕಂಡಿತು.

ಆಸ್ಪತ್ರೆಯ ತಂತ್ರಜ್ಞನಿಗೆ ಫೋನ್ ಮಾಡಿದಳು. ಯಾರು ಏನು ಕೇಳಿದರೂ ಒಂದೇ ಮಾತು ಆಡುವುದರಿಂದ ಸಿಬ್ಬಂದಿ ಅವನಿಗಿಟ್ಟ ಹೆಸರು ಹಸಿರುಬೀಗ.

“ಪರದೆ ಮೇಲೆ ವಿಪಿಎನ್ ಬೀಗದ ಚಿತ್ರ ಹಸಿರಿದೆಯಾ ಮೇಡಂ?”

“ಹಸಿರೇ ಇದೆ. ಆದ್ರೆ ವಿಳಾಸ...”

“ಹಸಿರಿದ್ರೆ ಮುಗೀತು. ನೀವು ಟೈಪಿಂಗ್ ನೋಡ್ಕೊಳ್ಳಿ, ಇದನ್ನ ನಾನು ನೋಡ್ಕೋತೀನಿ.”

“ನೋಡಿದ್ಯಾ ಅಂತಾನೇ ಕೇಳ್ತಿರೋದಪ್ಪಾ!”

ಫೋನ್ ಇಟ್ಟುಬಿಟ್ಟ.

ಅಕ್ಕ ಟೈಪಿಂಗ್ ನಿಲ್ಲಿಸಿದಳು. ಮೂರು ದಿನ. ಮೂರಕ್ಕೂ ಗೈರುಹಾಜರಿ ಬಿತ್ತು. ನಾಲ್ಕನೆಯ ದಿನವೂ ಕೂರದಿದ್ದರೆ ಕೆಲಸ ಬಿಟ್ಟಂತೆ ಎಂಬ ಪತ್ರವೂ ಬಂತು. “ಮನೇಲೇ ಕೂತು ಗೈರುಹಾಜರಾದವಳು ನೀನೊಬ್ಬಳೇ ಕಣೇ,” ಎಂದರು ಅವಳ ಅತ್ತೆ. ನಗಿಸಲು ಹೇಳಿದ್ದು. ಅವಳು ನಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ವ್ಯವಸ್ಥಾಪಕರೇ ಫೋನ್ ಮಾಡಿದರು. “ಏನಮ್ಮಾ ಇದು ಹಟ? ವರದಿ ರಾಶಿ ಬಿದ್ದಿದೆ.”

“ರಾಶೀಲಿ ನಿಮ್ಮದೂ ಒಂದಿದೆ ಸಾರ್. ಹೀಗೇ ಕಳಿಸ್ಲಾ?”

ಸಾವಿರಾರು ರೋಗಿಗಳ ಗುಟ್ಟಿಗೆ ಕದಲದ ಕುರ್ಚಿಯಿಂದ ಒಂದೇ ಒಂದು ವರದಿ ಆ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಿತು. ಇಪ್ಪತ್ತೇ ನಿಮಿಷದಲ್ಲಿ ಹಸಿರುಬೀಗ ಬಾಯಿಬಿಟ್ಟ: ವಿಪಿಎನ್ ನಿಧಾನ ಎಂದು ಮೇಲಿನವರಿಂದ ಬೈಸಿಕೊಂಡಾಗ ವರದಿಗಳನ್ನೆಲ್ಲ ಹೊರಗಿನ ತೆರೆದ ದಾರಿಗೆ ತಿರುಗಿಸಿದ್ದನಂತೆ. ಮುಚ್ಚಿದ ದಾರಿಯಲ್ಲಿ ಉಳಿಸಿದ್ದು ಒಂದನ್ನೇ, ಸಿಬ್ಬಂದಿಯ ಹಾಜರಿ; ಬೀಗ ಹಸಿರಿದ್ದದ್ದು ಅದಕ್ಕೇ. ಯಾರು ಎಷ್ಟು ಗಂಟೆಗೆ ಕೂತರು ಎಂಬುದು ಭದ್ರ! ಯಾರ ಹೊಟ್ಟೆಯಲ್ಲಿ ಗಂಟಿದೆ ಎಂಬುದು ಬೀದಿಪಾಲು. ಥೂ.

ಮಧ್ಯಾಹ್ನ ಸರಿಮಾಡಿದರು. ಅಕ್ಕ ನಂಬಲಿಲ್ಲ. ವಿಪಿಎನ್ ಆಫ್ ಮಾಡಿ ಖಾಲಿ ವರದಿ ಕಳಿಸಿದಳು, ಹೋಗಲಿಲ್ಲ. ಆನ್ ಮಾಡಿ ಕಳಿಸಿದಳು; ಹೋಯಿತು. ವಿಳಾಸವೂ ಬದಲಾಗಿತ್ತು. ಆಮೇಲೆ ರಾಶಿಯನ್ನು ಬಂದ ಸಾಲಿನಲ್ಲೇ ಟೈಪ್ ಮಾಡುತ್ತ ಕೂತಳು. ವ್ಯವಸ್ಥಾಪಕರದು ಮೂವತ್ತೆರಡನೆಯದು; ಅದನ್ನು ಒಂದು ಹೆಜ್ಜೆಯೂ ಮುಂದೆ ತರಲಿಲ್ಲ.

ಆ ಮೂರು ದಿನದ ಗೈರುಹಾಜರಿ ಮಾತ್ರ ಹಾಗೇ ಇದೆ. ಅಳಿಸಲು ಬರುವುದಿಲ್ಲವಂತೆ. ಅಷ್ಟು ಭದ್ರವಂತೆ.